ಎಲ್ಲರೂ ಒಳಗೆ ಬರಲು ಆಗುತ್ತಾ? ಮೊದಲೇ ಅಳೆದು ನೋಡಿ
ಕಾರ್ಯಕ್ರಮಕ್ಕೆ ಜಾಗ ಗೊತ್ತು ಮಾಡುವ ಮುಂಚೆ ಒಂದು ಅಳತೆ ಟೇಪು ಹಿಡಿದು ಹೋಗಿ. "ಒಂದೇ ಮೆಟ್ಟಿಲು ಅಲ್ವಾ, ನಾಲ್ಕು ಜನ ಎತ್ತಿದರಾಯಿತು" ಅನ್ನಬೇಡಿ. ಗಾಲಿಕುರ್ಚಿಯಲ್ಲಿ ಬರುವವರಿಗೆ ಅದು ಮುಜುಗರ, ಬೀಳುವ ಅಪಾಯವೂ ಇದೆ. ರ‍್ಯಾಂಪಿನ ಇಳಿಜಾರು 1:12ಕ್ಕಿಂತ ಕಡಿದಾಗಬಾರದು. ಅಂದರೆ 15 ಸೆಂ.ಮೀ. ಎತ್ತರದ ಮೆಟ್ಟಿಲಿಗೆ 180 ಸೆಂ.ಮೀ. ಉದ್ದ ಬೇಕು. ಸುಮ್ನೆ ಒಂದು ಗಿಡ್ಡ ಹಲಗೆ ಇಟ್ಟರೆ ಸಾಲದು. ಬಾಗಿಲು 90 ಸೆಂ.ಮೀ. ಅಗಲವಿದ್ದರೆ ಒಳ್ಳೆಯದು. ಶೌಚಾಲಯದ ಬಾಗಿಲನ್ನೂ ಅಳೆಯಿರಿ, ಜಾಸ್ತಿ ಮರೆಯುವುದು ಅದನ್ನೇ.

ಇನ್ನು, ಆಹ್ವಾನವನ್ನು ಬರೀ ಚಿತ್ರವಾಗಿ ಕಳಿಸಬೇಡಿ. ಚಿತ್ರದೊಳಗಿನ ಅಕ್ಷರಗಳನ್ನು ಸ್ಕ್ರೀನ್ ರೀಡರ್ (ಕಣ್ಣು ಕಾಣದವರಿಗೆ ಫೋನಿನ ಪರದೆಯಲ್ಲಿರುವುದನ್ನು ಓದಿ ಹೇಳುವ ತಂತ್ರಾಂಶ) ಎಷ್ಟೋ ಸಲ ಸರಿಯಾಗಿ ಓದುವುದಿಲ್ಲ. ದಿನ, ಸಮಯ, ಜಾಗ ಕೆಳಗೆ ಟೈಪ್ ಮಾಡಿ. ಮೆಟ್ಟಿಲು ಎಷ್ಟು, ಲಿಫ್ಟ್ ಇದೆಯಾ ಅಂತಲೂ ಬರೆಯಿರಿ.