ಪಿಕ್‌ನಿಂದ ಬೆರಳಿಗೆ: ಗಿಟಾರಿನಲ್ಲಿ ನನ್ನ ಬಲಗೈ ಕಲಿತ ಬಗೆ

ಗಿಟಾರ್ ಕಲಿಯಲು ಕೂತವರೆಲ್ಲ ಎಡಗೈ ಬಗ್ಗೆಯೇ ಚಿಂತೆ ಮಾಡುತ್ತಾರೆ. ಬೆರಳ ತುದಿ ಉರಿಯುತ್ತದೆ, ಎಫ್ ಕಾರ್ಡ್ (ಕಾರ್ಡ್ ಅಂದರೆ ಒಟ್ಟಿಗೆ ನುಡಿಯುವ ಸ್ವರಗಳ ಗುಂಪು) ಹಿಡಿತಕ್ಕೆ ಬರುವುದಿಲ್ಲ, ಒಂದು ಕಾರ್ಡ್‌ನಿಂದ ಇನ್ನೊಂದಕ್ಕೆ ಹೋಗುವಷ್ಟರಲ್ಲಿ ಹಾಡು ಮುಂದೆ ಹೋಗಿರುತ್ತದೆ. ಬಲಗೈ ವಿಷಯಕ್ಕೆ ಬಂದರೆ ಅವರು ಕೇಳುವುದು ಒಂದೇ ಪ್ರಶ್ನೆ: ಪಿಕ್ (ತಂತಿ ಮೀಟುವ ಚಿಕ್ಕ ಬಿಲ್ಲೆ) ಹಿಡಿಯಬೇಕೋ, ಬೆರಳಲ್ಲಿ ಮೀಟಬೇಕೋ? ನಾನು ಮೊದಲು ಪಿಕ್ ಕಲಿತೆ, ಆಮೇಲೆ ಬೆರಳು. ಸ್ಟೀಲ್ ತಂತಿಯ ಗಿಟಾರಿಗೆ ಈ ಕ್ರಮವೇ ಸರಿ ಅನ್ನುವುದು ಈಗ ನನ್ನ ಗಟ್ಟಿ ಅಭಿಪ್ರಾಯ. ಪಿಕ್ ಸುಲಭ ಅಂತಲ್ಲ, ಅದು ಮೊದಲು ಲಯವನ್ನು ಕೂರಿಸುತ್ತದೆ ಅಂತ.

ನನಗೆ ಬೇಕಿದ್ದದ್ದು ಭಾವಗೀತೆಗಳಿಗೆ ಜೊತೆಯಾಗಿ ನುಡಿಸುವುದು. ಮನೆಯಲ್ಲಿ ಹಾಡುವವರಿದ್ದಾರೆ. ತಂತಿಗಳನ್ನು ಬಿಡಿಬಿಡಿಯಾಗಿ ಮೀಟಿದರೆ ಆ ಹಾಡುಗಳಿಗೆ ಎಷ್ಟು ಚೆನ್ನಾಗಿ ಒಪ್ಪುತ್ತದೆ ಎಂದು ಕೇಳಿ ಗೊತ್ತಿತ್ತು, ಹಾಗಾಗಿ ಮೇಷ್ಟ್ರ ಬಳಿ ಹೋದಾಗ ಅದನ್ನೇ ಕೇಳಿದೆ. "ಮೊದಲು ಕೈ ಬೀಸೋದು ಕಲೀರಿ, ಬೆರಳು ಎಲ್ಲೂ ಓಡಿಹೋಗಲ್ಲ" ಎಂದು ತೆಳುವಾದ ಒಂದು ಪಿಕ್ ಕೈಗಿಟ್ಟರು.

ತೋರುಬೆರಳನ್ನು ಮಡಚಿ ಅದರ ಪಕ್ಕಕ್ಕೆ ಪಿಕ್ ಇಟ್ಟು, ಮೇಲೆ ಹೆಬ್ಬೆರಳು ಒತ್ತಬೇಕು. ಮೂರ್ನಾಲ್ಕು ಮಿಲಿಮೀಟರಿನಷ್ಟು ತುದಿ ಹೊರಗೆ ಕಂಡರೆ ಸಾಕು. ಬಿಗಿಯಾಗಿ ಹಿಡಿದರೆ ತಂತಿಗೆ ಸಿಕ್ಕಿಕೊಳ್ಳುತ್ತದೆ, ತೀರಾ ಸಡಿಲ ಬಿಟ್ಟರೆ ತಿರುಗಿ ಗಿಟಾರಿನ ಹೊಟ್ಟೆಯೊಳಗೆ ಬೀಳುತ್ತದೆ. 0.60 ಮಿ.ಮೀ. ಆಸುಪಾಸಿನ ಪಿಕ್ ತಂತಿಯ ಮೇಲೆ ಬಾಗಿಕೊಂಡು ಹೋಗುತ್ತದೆ. ಆರೂ ತಂತಿಗಳನ್ನು ಒಟ್ಟಿಗೆ ನುಡಿಸುವಾಗ ಹೊಸ ಕೈಗೆ ಅದೇ ಹಿತ. 0.88 ಅಥವಾ 1 ಮಿ.ಮೀ. ಪಿಕ್ ಅಷ್ಟು ಬಾಗುವುದಿಲ್ಲ. ಹಾಡಿನ ಧಾಟಿಯನ್ನು ಒಂದೊಂದೇ ಸ್ವರವಾಗಿ ನುಡಿಸುವ ದಿನ ಬಂದಾಗ ಅದನ್ನು ಕೊಳ್ಳಬಹುದು.

ನಿಜವಾದ ಪಾಠ ಇದ್ದದ್ದು ಕೈ ಬೀಸುವುದರಲ್ಲಿ. ಮೇಷ್ಟ್ರು ಅದನ್ನು 'ತಕ' ಎಂದು ಹೇಳಿಸುತ್ತಿದ್ದರು. 'ತ' ಅಂದಾಗ ಕೈ ಕೆಳಗೆ, 'ಕ' ಅಂದಾಗ ಮೇಲೆ. ನಾಲ್ಕು ಎಣಿಕೆಗೆ ತಕ ತಕ ತಕ ತಕ. ಎಲ್ಲರೂ ಮೊದಲು ಕಲಿಯುವ ಸ್ಟ್ರಮ್ಮಿಂಗ್ ಇದೆಯಲ್ಲ, ಕೆಳಗೆ, ಕೆಳಗೆ-ಮೇಲೆ, ಮೇಲೆ-ಕೆಳಗೆ-ಮೇಲೆ, ಅದು ಈ ಲೆಕ್ಕದಲ್ಲಿ ಮೊದಲ ಎಣಿಕೆಯ 'ಕ'ವನ್ನೂ ಮೂರನೆಯ ಎಣಿಕೆಯ 'ತ'ವನ್ನೂ ಬಿಟ್ಟ ತಕಗಳ ಸಾಲು ಅಷ್ಟೇ. ಬಿಟ್ಟ ಜಾಗದಲ್ಲಿ ಪಿಕ್ ತಂತಿಗೆ ತಾಗುವುದಿಲ್ಲ, ಆದರೆ ಕೈ ಬೀಸುತ್ತಲೇ ಇರುತ್ತದೆ. ಕೈ ನಿಂತರೆ ಲಯವೂ ನಿಂತ ಹಾಗೆ. ಲಯಕ್ಕೆ ಟಿಕ್ ಟಿಕ್ ಎನ್ನುವ ಮೆಟ್ರೋನೋಮನ್ನು ನಿಮಿಷಕ್ಕೆ 60 ಎಣಿಕೆಗೆ ಇಟ್ಟು, ಎಡಗೈಯಲ್ಲಿ ತಂತಿಗಳನ್ನು ಮೆಲ್ಲಗೆ ಮುಟ್ಟಿ ನಾದ ಅಡಗಿಸಿ, ಬರೀ ಈ ಬೀಸನ್ನೇ ಅಭ್ಯಾಸ ಮಾಡಿದೆ. ಕಾರ್ಡ್ ಬದಲಿಸುವಾಗ ಎಡಗೈ ತಡವರಿಸಿದರೂ ಬಲಗೈ ನಿಲ್ಲದ ಹಂತ ಬಂದಾಗ ನುಡಿಸಿದ್ದು ಹಾಡಿನಂತೆ ಕೇಳತೊಡಗಿತು.

ಪಿಕ್ ಕೆಳಗಿಟ್ಟು ಬೆರಳಿಗೆ ಬಂದಾಗ ಕೈಯ ಜಾಗವೇ ಬೇರೆಯಾಯಿತು. ದಪ್ಪ ತಂತಿಗಳಾದ ಆರು, ಐದು, ನಾಲ್ಕು ಹೆಬ್ಬೆರಳಿನ ಪಾಲು. ಮೂರನೆಯದು ತೋರುಬೆರಳಿಗೆ, ಎರಡನೆಯದು ನಡುಬೆರಳಿಗೆ, ಒಂದನೆಯದು ಉಂಗುರಬೆರಳಿಗೆ. ಹೆಬ್ಬೆರಳು ಉಳಿದ ಬೆರಳುಗಳಿಗಿಂತ ತುಸು ಎಡಕ್ಕೆ, ಗಿಟಾರಿನ ಕತ್ತಿನ ಕಡೆಗೆ ಚಾಚಿರಬೇಕು, ಇಲ್ಲದಿದ್ದರೆ ಒಂದಕ್ಕೊಂದು ಢಿಕ್ಕಿ ಹೊಡೆಯುತ್ತವೆ. ತಂತಿಯನ್ನು ಹೊರಕ್ಕೆ ಎಳೆಯಬಾರದು, ಎಳೆದರೆ ಅದು ಕತ್ತಿನ ಮೇಲಿನ ಲೋಹದ ಪಟ್ಟಿಗೆ, ಅಂದರೆ ಫ್ರೆಟ್‌ಗೆ ಬಡಿದು ಚಟ್ ಎನ್ನುತ್ತದೆ. ಅಂಗೈ ಕಡೆಗೆ ಬೆರಳು ಮಡಚಿದಂತೆ ಮೀಟಬೇಕು. ಹೆಬ್ಬೆರಳು, ತೋರು, ನಡು, ಉಂಗುರ ಎಂದು ನಾಲ್ಕನ್ನೂ ಸಾಲಾಗಿ ಮೀಟಿದರೆ 'ತಕಧಿಮಿ'. ಅಲ್ಲಿಂದಲೇ ನಡು, ತೋರು ಎಂದು ಹಿಂದಿರುಗಿ ಬಂದರೆ ಆರು ಮೀಟು, ಅಂದರೆ 'ತಕಿಟ ತಕಿಟ'. ಎಷ್ಟೋ ಹಾಡುಗಳಿಗೆ ಈ ಎರಡೇ ಸಾಕಾಗುತ್ತವೆ. ಉಂಗುರಬೆರಳು ಮಾತ್ರ ತುಂಬಾ ದಿನ ಮೆತ್ತಗೆ ನುಡಿಯಿತು, ಅದಕ್ಕೆ ಪ್ರತ್ಯೇಕ ಅಭ್ಯಾಸ ಬೇಕೇ ಬೇಕು.

ಆಮೇಲೆ ಬಂತು ಹೆಬ್ಬೆರಳಿನ ಸರದಿ. ಜಿ ಕಾರ್ಡ್‌ನಲ್ಲಿ ಆರು, ನಾಲ್ಕು, ಆರು, ನಾಲ್ಕು. ಸಿ ಕಾರ್ಡ್‌ನಲ್ಲಿ ಐದು, ನಾಲ್ಕು, ಐದು, ನಾಲ್ಕು. ಹೀಗೆ ಹೆಬ್ಬೆರಳು ಪ್ರತಿ ಎಣಿಕೆಗೂ ತಪ್ಪದೆ ಬೀಳುತ್ತಿರಬೇಕು, ಉಳಿದ ಬೆರಳುಗಳು ನಡುನಡುವೆ ಬಂದು ಹೋಗಬೇಕು. ಇದನ್ನು ಟ್ರಾವಿಸ್ ಪಿಕಿಂಗ್ ಅನ್ನುತ್ತಾರೆ, ಅಮೆರಿಕದ ಕೆಂಟಕಿಯ ಗಿಟಾರ್ ವಾದಕ ಮರ್ಲ್ ಟ್ರಾವಿಸ್ (1917–1983) ಹೆಸರಿನಿಂದ. ಅವರು ನುಡಿಸುತ್ತಿದ್ದದ್ದು ಬಹುಮಟ್ಟಿಗೆ ಹೆಬ್ಬೆರಳು ಮತ್ತು ತೋರುಬೆರಳಿನಿಂದ ಮಾತ್ರ. ರೇಡಿಯೋದಲ್ಲಿ ಅವರನ್ನು ಕೇಳಿದ ಇನ್ನೊಬ್ಬ ಗಿಟಾರ್ ವಾದಕ ಚೆಟ್ ಅಟ್ಕಿನ್ಸ್, ಅಷ್ಟು ನಾದ ಎರಡೇ ಬೆರಳಿನದು ಎಂದು ತಿಳಿಯದೆ, ಇನ್ನೂ ಹೆಚ್ಚು ಬೆರಳುಗಳ ತಮ್ಮದೇ ರೀತಿಯನ್ನು ರೂಢಿಸಿಕೊಂಡರು. ಬೆರಳು ಎಷ್ಟೇ ಇರಲಿ, ಇಬ್ಬರಲ್ಲೂ ಹೆಬ್ಬೆರಳು ಒಂದೇ ಸಮ ನಡೆಯುತ್ತದೆ. ನನಗೆ ಇದು ನಿರೀಕ್ಷಿಸಿದ್ದಕ್ಕಿಂತ ಬೇಗ ಕೂತಿತು. ಪಿಕ್ ಹಿಡಿದಾಗ ಇಡೀ ಕೈ ಮಾಡುತ್ತಿದ್ದ ಕೆಲಸವನ್ನೇ ಈಗ ಹೆಬ್ಬೆರಳು ಮಾಡುತ್ತಿತ್ತು: 'ತ' ಅದರದು, 'ಕ' ಉಳಿದವರದು.

ವೀಣೆ ನುಡಿಸುವ ನಮ್ಮ ಸೋದರತ್ತೆಗೆ ಇದನ್ನು ತೋರಿಸಿದೆ. "ನಮ್ಮಲ್ಲಿ ಹೆಬ್ಬೆರಳು ಮೀಟೋದೇ ಇಲ್ವಲ್ಲೋ, ಆ ಕೆಲಸ ಕಿರುಬೆರಳಿಂದು" ಎಂದರು. ನಿಜ. ವೀಣೆಯಲ್ಲಿ ತೋರುಬೆರಳು, ನಡುಬೆರಳು ನಾಲ್ಕು ಮುಖ್ಯ ತಂತಿಗಳ ಮೇಲೆ ರಾಗ ನುಡಿಸಿದರೆ, ಪಕ್ಕದ ಮೂರು ತಾಳದ ತಂತಿಗಳನ್ನು ಕಿರುಬೆರಳು ಮೀಟುತ್ತದೆ. ಅವರ ಪಕ್ಕ ಕೂತು ಆ ಕಿರುಬೆರಳನ್ನೇ ನೋಡಿದ್ದು ನನ್ನ ಹೆಬ್ಬೆರಳಿಗೆ ತುಂಬ ಸಹಾಯ ಮಾಡಿತು. ರಾಗ ಎಷ್ಟೇ ನಿಧಾನವಾಗಿ ಎಳೆದಾಡಲಿ, ಅದು ತನ್ನ ಸಮಯಕ್ಕೆ ಸರಿಯಾಗಿ ಬೀಳುತ್ತಿತ್ತು.

ಉಗುರಿನ ವಿಷಯ ಹೇಳಲೇಬೇಕು. ಉಗುರಿದ್ದರೆ ನಾದ ಗಟ್ಟಿ ಮತ್ತು ಸ್ಪಷ್ಟ, ಇಲ್ಲದಿದ್ದರೆ ಮೃದು. ಸ್ಪೇನಿನ ಗಿಟಾರ್ ವಾದಕ ಫ್ರಾನ್ಸಿಸ್ಕೊ ತಾರೆಗಾ (1852–1909) ಕೊನೆಯ ವರ್ಷಗಳಲ್ಲಿ ಉಗುರು ಬಿಟ್ಟು ಬೆರಳ ತುದಿಯಿಂದಲೇ ನುಡಿಸಿದರು. ಅವರ ನಂತರ ಬಂದ ಆಂದ್ರೆಸ್ ಸೆಗೋವಿಯಾ (1893–1987) ಉಗುರಿನ ಪಕ್ಷ. ಸೆಗೋವಿಯಾ ನುಡಿಸಿದ್ದು ಕರುಳಿನ ತಂತಿ, ಆಮೇಲೆ ನೈಲಾನ್ ತಂತಿಯ ಗಿಟಾರುಗಳನ್ನು. ಸ್ಟೀಲ್ ತಂತಿ ಉಗುರನ್ನು ಸವೆಸುತ್ತದೆ, ಪಾತ್ರೆ ತೊಳೆಯುವ ಕೈಯಲ್ಲಿ ಅದು ಇನ್ನೂ ಬೇಗ ಮುರಿಯುತ್ತದೆ. ನಾನು ಬೆರಳ ತುದಿಗಿಂತ ಒಂದು ಮಿಲಿಮೀಟರ್ ಮಾತ್ರ ಬಿಟ್ಟುಕೊಂಡು, ಫೈಲ್‌ನಿಂದ ದುಂಡಗೆ ಉಜ್ಜಿಕೊಳ್ಳುತ್ತೇನೆ. ಚರ್ಮ ಮತ್ತು ಉಗುರು ಎರಡೂ ತಂತಿಗೆ ತಾಗುವ ಆ ನಾದವೇ ನನಗೆ ಇಷ್ಟ.

ಒಂದು ವರ್ಗದವರಿಗೆ ಮಾತ್ರ ನನ್ನ ಕ್ರಮ ಹೊಂದುವುದಿಲ್ಲ. ಪಾಶ್ಚಾತ್ಯ ಶಾಸ್ತ್ರೀಯ ಗಿಟಾರೇ ಬೇಕು ಅನ್ನುವವರು ನೈಲಾನ್ ತಂತಿಯ ಗಿಟಾರ್ ಕೊಂಡು ನೇರವಾಗಿ ಬೆರಳಿನಿಂದಲೇ ಆರಂಭಿಸಲಿ. ಆ ಗಿಟಾರಿನ ಕತ್ತು ಮೇಲ್ತುದಿಯಲ್ಲಿ ಸುಮಾರು 52 ಮಿ.ಮೀ. ಅಗಲ, ಸಾಮಾನ್ಯ ಸ್ಟೀಲ್ ಗಿಟಾರಿನದು 43ರ ಆಸುಪಾಸು. ತಂತಿಗಳ ನಡುವಿನ ಆ ಹೆಚ್ಚಿನ ಜಾಗ ಬೆರಳುಗಳಿಗೆ ಅನುಕೂಲ.

ಉಳಿದವರು ಎರಡರಲ್ಲಿ ಒಂದನ್ನೇ ಆರಿಸಬೇಕಿಲ್ಲ. ಹಬ್ಬದ ದಿನ ಮನೆ ತುಂಬ ಜನ ಸೇರಿ ಹಾಡಿದರೆ ಬೆರಳಿನ ನಾದ ಯಾರಿಗೂ ಕೇಳಿಸುವುದಿಲ್ಲ, ಪಿಕ್ ಬೇಕು. ಒಬ್ಬರೇ ಮೆಲ್ಲಗೆ ಹಾಡುವಾಗ ಪಿಕ್ಕಿನ ಸದ್ದು ಮಾತುಗಳನ್ನು ಮುಚ್ಚುತ್ತದೆ, ಬೆರಳು ಸರಿ. ಒಂದೇ ಹಾಡಿನಲ್ಲಿ ಪಲ್ಲವಿಗೆ ಜೋರು, ಚರಣಕ್ಕೆ ಮೆಲ್ಲಗೆ ಬೇಕಾದರೆ ಈಗ ನಾನು ಪಿಕ್ ಕೈಯಲ್ಲೇ ಇಟ್ಟುಕೊಂಡು ದಪ್ಪ ತಂತಿಯನ್ನು ಅದರಿಂದ, ತೆಳು ತಂತಿಗಳನ್ನು ನಡು ಮತ್ತು ಉಂಗುರಬೆರಳಿನಿಂದ ಮೀಟುತ್ತೇನೆ. ಇದಕ್ಕೆ ತೀರಾ ತೆಳು ಪಿಕ್ ಆಗದು, 0.73 ಮಿ.ಮೀ. ನನ್ನ ಕೈಗೆ ಸರಿಹೋಗಿದೆ.