ನ್ಯಾರೋಬೋಟ್‌ನಲ್ಲಿ ವಾಸ, ದಡದಲ್ಲಿ ಕಾರು: ವಿಮೆ ಮಾಡಿಸುವ ಬಗೆ

ಇಂಗ್ಲೆಂಡಿನ ಕಾಲುವೆಗಳಲ್ಲಿ ಕಾಯಂ ಮೂರಿಂಗ್ (ಬೋಟ್ ಕಟ್ಟಿ ನಿಲ್ಲಿಸುವ ಜಾಗ) ಇಲ್ಲದೆ ನ್ಯಾರೋಬೋಟ್‌ನಲ್ಲಿ, ಅಂದರೆ ಕಾಲುವೆಗೆಂದೇ ಕಟ್ಟಿದ ಕಿರಿದಾದ ಬೋಟ್‌ನಲ್ಲಿ, ಇರುವವರು, 1995ರ ಕಾಯ್ದೆಯ ಪ್ರಕಾರ, ಸಾಮಾನ್ಯವಾಗಿ ಒಂದೇ ಜಾಗದಲ್ಲಿ 14 ದಿನಕ್ಕಿಂತ ಹೆಚ್ಚು ನಿಲ್ಲುವಂತಿಲ್ಲ. ಕಾರಿನ ವಿಮೆಯ ಫಾರ್ಮಾದರೋ ಪೋಸ್ಟ್‌ಕೋಡ್ ಇಲ್ಲದೆ ಮುಂದಿನ ಪುಟಕ್ಕೇ ಹೋಗುವುದಿಲ್ಲ. ಭಾರತದಲ್ಲಿ ಕಾರು ಇಟ್ಟುಕೊಂಡವರಿಗೆ ಇದು ಹೊಸದು. ಅಲ್ಲಿ ವಿಮೆಯ ಲೆಕ್ಕಕ್ಕೆ ಬೆಂಗಳೂರಿನಂಥ ಮಹಾನಗರಗಳು ಎ ವಲಯ, ಮಿಕ್ಕಿದ್ದೆಲ್ಲ ಬಿ ವಲಯ. ಇಲ್ಲಿ ಪಕ್ಕದ ಪೋಸ್ಟ್‌ಕೋಡ್‌ಗೆ ಹೋದರೂ ಪ್ರೀಮಿಯಂ ಬದಲಾಗಬಹುದು.

ನಾನು ಮೊದಲು ಎರಡು ವಿಷಯಗಳನ್ನು ಬೇರೆ ಮಾಡಿಕೊಳ್ಳುತ್ತೇನೆ. ಕಾಗದಪತ್ರ ಬರುವ ವಿಳಾಸ ಒಂದು. ರಾತ್ರಿ ಕಾರು ನಿಲ್ಲುವ ಜಾಗ ಇನ್ನೊಂದು. ಅಪಾಯದ ಲೆಕ್ಕ ನಡೆಯುವುದು ಎರಡನೆಯದರ ಮೇಲೆ. ಫಾರ್ಮು ಎರಡನ್ನೂ ಒಂದೇ ಎಂದು ಭಾವಿಸಿ ಒಂದೇ ಟಿಕ್ ಕೇಳುತ್ತದೆ, ಎಡವಟ್ಟಾಗುವುದು ಅಲ್ಲೇ.

ಪತ್ರದ ವಿಳಾಸಕ್ಕೆ ನಂಬಿಕಸ್ಥ ಸ್ನೇಹಿತರ ಅಥವಾ ಬಂಧುಗಳ ಮನೆ ಒಳ್ಳೆಯದು. ವಾಹನ, ಲೈಸೆನ್ಸ್‌ಗಳ ದಾಖಲೆ ನೋಡಿಕೊಳ್ಳುವ ಸರ್ಕಾರಿ ಸಂಸ್ಥೆ ಡಿವಿಎಲ್‌ಎ ಕೊಡುವ ಲಾಗ್‌ಬುಕ್‌ಗೆ (ಕಾರಿನ ನೋಂದಣಿ ಪತ್ರ) ಪಿಒ ಬಾಕ್ಸ್ ನಡೆಯುವುದಿಲ್ಲ. ಲಾಗ್‌ಬುಕ್, ಲೈಸೆನ್ಸ್, ಪಾಲಿಸಿ ಮೂರರಲ್ಲೂ ಒಂದೇ ವಿಳಾಸ ಇರಲಿ. ಲಾಗ್‌ಬುಕ್, ಲೈಸೆನ್ಸ್‌ಗಳಲ್ಲಿ ವಿಳಾಸ ತಿದ್ದಿಸಲು ಶುಲ್ಕವಿಲ್ಲ, ತಿದ್ದಿಸದಿದ್ದರೆ 1,000 ಪೌಂಡ್‌ವರೆಗೆ ದಂಡ. ಆ ಮನೆಯವರು ಪತ್ರ ಬಂದ ದಿನವೇ ಒಡೆದು ಫೋಟೋ ಕಳಿಸುವಂಥವರಾಗಿರಬೇಕು. ವೇಗದ ಕ್ಯಾಮೆರಾದ ನೋಟಿಸ್ ಬಂದರೆ, ಓಡಿಸಿದವರು ಯಾರೆಂದು ತಿಳಿಸಲು 28 ದಿನ ಮಾತ್ರ. ಉತ್ತರ ಹೋಗದಿದ್ದರೆ ಲೈಸೆನ್ಸಿಗೆ ದಂಡದ 6 ಪಾಯಿಂಟ್ ಬೀಳಬಹುದು, ಮುಂದಿನ ಪ್ರೀಮಿಯಂ ನೋಡಿದರೆ ಗಾಬರಿಯಾಗುವಷ್ಟಿರುತ್ತದೆ.

ಇನ್ನು ರಾತ್ರಿಯ ಜಾಗ. ಬೋಟ್ ಮುಂದೆ ಹೋದ ಕೂಡಲೇ ಕಾರೂ ಹೋಗುವುದಿಲ್ಲ; ಬೋಟ್ ಕಟ್ಟಿ, ಸೈಕಲ್ ಹತ್ತಿ ಹಿಂದಕ್ಕೆ ಹೋಗಿ ತರಬೇಕು. ಕೆನೆಟ್ ಆ್ಯಂಡ್ ಏವನ್ ಕಾಲುವೆಯನ್ನೇ ತೆಗೆದುಕೊಳ್ಳಿ: ಬೋಟ್ ಬ್ರಾಡ್‌ಫರ್ಡ್ ಆನ್ ಏವನ್‌ನಲ್ಲಿ, ಕಾರು ಇನ್ನೂ ಡಿವೈಜಸ್‌ನ ಬೀದಿಯಲ್ಲಿ, ಮುಂದಿನ ತಿಂಗಳು ಎರಡೂ ಬಾತ್‌ನಲ್ಲಿ. ವಿಮಾ ದರ ಹೋಲಿಸುವ ವೆಬ್‌ಸೈಟುಗಳಲ್ಲಿ ಇದಕ್ಕೆ ಖಾನೆಯೇ ಇಲ್ಲ. ನೇರವಾಗಿ ಬ್ರೋಕರ್‌ಗೆ ಫೋನ್ ಮಾಡಿ. ಬ್ರಿಟಿಷ್ ಇನ್ಶೂರೆನ್ಸ್ ಬ್ರೋಕರ್ಸ್ ಅಸೋಸಿಯೇಶನ್‌ನವರು ಇಂಥ ಪ್ರಕರಣ ನೋಡುವ ಬ್ರೋಕರ್‌ಗಳನ್ನು ತೋರಿಸುತ್ತಾರೆ. ಹೇಳಬೇಕಾದ್ದು ಇಷ್ಟು: ವಾಸ ಬೋಟ್‌ನಲ್ಲಿ, ಕಾಯಂ ಮೂರಿಂಗ್ ಇಲ್ಲ, ಈ ವಿಳಾಸ ಪತ್ರಕ್ಕೆ ಮಾತ್ರ, ಕಾರು ಇಂತಿಂಥ ಊರುಗಳ ನಡುವೆ ಸಾರ್ವಜನಿಕ ರಸ್ತೆಯಲ್ಲಿ ನಿಲ್ಲುತ್ತದೆ. ಆ ಊರುಗಳಲ್ಲಿ ಯಾವ ಪೋಸ್ಟ್‌ಕೋಡ್ ದುಬಾರಿಯೋ ಅದರ ದರವನ್ನೇ ಹಾಕಿ ಎಂದು ನಾನೇ ಕೇಳುತ್ತೇನೆ. ಸ್ವಲ್ಪ ಹೆಚ್ಚು ಹೋಗುತ್ತದೆ ನಿಜ, ಆದರೆ ಆಮೇಲೆ ತಕರಾರಿಗೆ ಎಡೆಯಿರುವುದಿಲ್ಲ.

ಒಪ್ಪಿಗೆ ಇಮೇಲ್‌ನಲ್ಲೇ ಬರಲಿ. ಫೋನ್ ರೆಕಾರ್ಡ್ ಆಗಿದೆ ಎಂಬ ಸಮಾಧಾನ ಸಾಲದು. ಪಾಲಿಸಿ ಜೊತೆ ಬರುವ ಸ್ಟೇಟ್‌ಮೆಂಟ್ ಆಫ್ ಫ್ಯಾಕ್ಟ್ (ನೀವು ಕೊಟ್ಟ ವಿವರಗಳೆಂದು ಅವರು ಬರೆದುಕೊಂಡ ಪಟ್ಟಿ) ಸಾಲುಸಾಲಾಗಿ ಓದಿ: ‘ಮನೆ ಮಾಲೀಕರು’, ‘ರಾತ್ರಿ ಡ್ರೈವ್‌ವೇನಲ್ಲಿ’ ಎಂದು ತಾನಾಗಿ ತುಂಬಿಕೊಂಡಿರುವುದುಂಟು. ಮೊದಲ 14 ದಿನದೊಳಗೆ ಪಾಲಿಸಿ ರದ್ದು ಮಾಡಬಹುದು. ಕಳೆದ ದಿನಗಳ ಹಣ ಮತ್ತು ಶುಲ್ಕ ಹಿಡಿದುಕೊಳ್ಳುತ್ತಾರೆ.

ಅಕ್ಕನ ಮನೆ ಪೋಸ್ಟ್‌ಕೋಡ್ ಹಾಕಿ ಸುಮ್ಮನಿದ್ದರೆ ಏನಾಗುತ್ತದೆ? 2012ರ ಗ್ರಾಹಕ ವಿಮಾ ಕಾಯ್ದೆಯ ಪ್ರಕಾರ, ಅಜಾಗರೂಕತೆಯಿಂದ ತಪ್ಪು ಮಾಹಿತಿ ಕೊಟ್ಟಿದ್ದರೆ ಪರಿಹಾರವನ್ನು ಅನುಪಾತದಲ್ಲಿ ಕಡಿತ ಮಾಡಬಹುದು. 900 ಪೌಂಡ್ ಆಗಬೇಕಿದ್ದ ಕಡೆ 600 ಕಟ್ಟಿದ್ದರೆ, ಕಳುವಾದ 6,000 ಪೌಂಡಿನ ಕಾರಿಗೆ ಸಿಗುವುದು 4,000. ಬೇಕೆಂದೇ ಮರೆಮಾಚಿದ್ದೆಂದು ಸಾಬೀತಾದರೆ ಪಾಲಿಸಿಯನ್ನೇ ರದ್ದು ಮಾಡಿ ಏನೂ ಕೊಡದಿರಬಹುದು. ಹೀಗೆ ರದ್ದಾದದ್ದನ್ನು ಮುಂದೆ ವಿಮೆ ಕೇಳುವಾಗೆಲ್ಲ ಹೇಳಬೇಕಾಗಿ ಬರುತ್ತದೆ.

ಕಂತಿನಲ್ಲಿ ಕಟ್ಟುವುದಾದರೆ ಅದು ಸಾಲ, ಕ್ರೆಡಿಟ್ ತಪಾಸಣೆ ಇರುತ್ತದೆ. ಮತದಾರರ ಪಟ್ಟಿಯಲ್ಲಿ ಹೆಸರಿದ್ದರೆ ಅದು ಸಲೀಸು. ಸ್ಥಿರ ವಿಳಾಸವಿಲ್ಲದವರು ಸ್ಥಳೀಯ ಕೌನ್ಸಿಲ್‌ನಲ್ಲಿ ‘ಡಿಕ್ಲರೇಶನ್ ಆಫ್ ಲೋಕಲ್ ಕನೆಕ್ಷನ್’ ಫಾರ್ಮು ಕೊಟ್ಟು ನೋಂದಾಯಿಸಬಹುದು. ಭಾರತದ ಪಾಸ್‌ಪೋರ್ಟ್ ಇಟ್ಟುಕೊಂಡು ಇಲ್ಲಿ ವಾಸವಿರುವವರಿಗೂ, ಕಾಮನ್‌ವೆಲ್ತ್ ಪ್ರಜೆಗಳಾದ್ದರಿಂದ, ಈ ಹಕ್ಕಿದೆ. ಈ ನೋಂದಣಿಯನ್ನು ಪ್ರತಿವರ್ಷ ನವೀಕರಿಸಬೇಕು. ಸಾಧ್ಯವಾದರೆ ಇಡೀ ವರ್ಷದ್ದು ಒಟ್ಟಿಗೆ ಕಟ್ಟಿ ಬಡ್ಡಿ ಉಳಿಸಿ.

ಬೋಟ್‌ಗೆ ಮಾಡಿಸಿದ ವಿಮೆ ಕಾರಿಗೆ ಬರುವುದಿಲ್ಲ. ಕಾರು ತಿಂಗಳುಗಟ್ಟಲೆ ಓಡುವುದಿಲ್ಲವೆಂದು ಅದರ ವಿಮೆ ನಿಲ್ಲಿಸುವ ಯೋಚನೆಯಿದ್ದರೆ, ಮೊದಲು ಸಾರ್ನ್ (ಕಾರು ರಸ್ತೆಯಲ್ಲಿಲ್ಲ ಎಂದು ಡಿವಿಎಲ್‌ಎಗೆ ತಿಳಿಸುವುದು) ಘೋಷಿಸಿ ಖಾಸಗಿ ಜಾಗಕ್ಕೆ ಸಾಗಿಸಿ. ರಸ್ತೆ ಬದಿಯಲ್ಲಿ ಬಿಟ್ಟರೆ ಎತ್ತಿಕೊಂಡು ಹೋಗಬಹುದು.