ಸಿರಿಂಜ್ ಪಂಪ್ ಇಲ್ಲದೆ ಶಂಟ್ ಕ್ಯಾಥೆಟರ್ ಪರೀಕ್ಷೆ: ನನ್ನ ಅನುಭವ

ಬಾಟಲಿ, ಗಾಜಿನ ಕೊಳವೆ, ತಕ್ಕಡಿ. ಇಷ್ಟರಲ್ಲೇ ಶಂಟ್ ಕ್ಯಾಥೆಟರಿನ, ಅಂದರೆ ಮಿದುಳಿನಲ್ಲಿ ಹೆಚ್ಚಾದ ದ್ರವವನ್ನು ಹೊರಗೆ ಹರಿಸುವ ತೆಳು ಸಿಲಿಕೋನ್ ಕೊಳವೆಯ, ಹರಿವು ಅಳೆಯುತ್ತೇನೆ ಎಂದಾಗ ಜೊತೆಯವರು ನಕ್ಕರು. ಈಗ ಅವರೇ ನನ್ನ ಸೆಟಪ್‌ನ ಫೋಟೊ ತೆಗೆದುಕೊಂಡು ಹೋಗುತ್ತಾರೆ.

ಮಿದುಳಿನ ದ್ರವ ಹುಟ್ಟುವುದು ಗಂಟೆಗೆ ಸುಮಾರು 20 ಮಿ.ಲೀ. ಅಷ್ಟೇ ಅಲ್ವಾ. ಒಳವ್ಯಾಸ 1.2 ಮಿ.ಮೀ., ಉದ್ದ 15 ಸೆಂ.ಮೀ. ಕ್ಯಾಥೆಟರಿನಲ್ಲಿ ಇಷ್ಟು ಹರಿದರೆ ಎರಡು ತುದಿಗಳ ನಡುವೆ ಇಳಿಯುವ ಒತ್ತಡ ಹೆಚ್ಚೂಕಮ್ಮಿ 1 ಮಿ.ಮೀ. ಎತ್ತರದ ನೀರಿನಷ್ಟು. ಒಂದು ಗಾಳಿಗುಳ್ಳೆ ಸಿಕ್ಕಿಕೊಂಡರೆ ಅದನ್ನು ದಾಟಲು ಇದರ ಹಲವು ಪಟ್ಟು ಬೇಕು. ಮೊದಲ ಕೆಲವು ತಿಂಗಳ ಅಂಕಿಗಳೆಲ್ಲ ಗುಳ್ಳೆಗಳದ್ದೇ!

ವರ್ಷದ ಬಜೆಟ್‌ನಲ್ಲಿ ಅರ್ಧ ನುಂಗಿದ ಸಿರಿಂಜ್ ಪಂಪ್ (ಮೋಟಾರಿನಿಂದ ಸಿರಿಂಜನ್ನು ತಳ್ಳುವ ಯಂತ್ರ) ಅಷ್ಟು ನಿಧಾನಕ್ಕೆ ಓಡಿದಾಗ ತಡೆತಡೆದು ತಳ್ಳುತ್ತಿತ್ತು. ಗ್ರಾಫ್ ನೋಡಿದರೆ ಗರಗಸದ ಹಲ್ಲು. ಅದನ್ನು ಬದಿಗಿಟ್ಟು ಬಾಟಲಿಯನ್ನು ಒಂದು ಮೀಟರ್ ಮೇಲೆ ಕಟ್ಟಿದೆ. ಕೆಳಗೆ 0.3 ಮಿ.ಮೀ. ಆಸುಪಾಸಿನ ಒಳವ್ಯಾಸದ, ಅರ್ಧ ಮೀಟರ್ ಉದ್ದದ ಗಾಜಿನ ಕೊಳವೆ. ತಡೆಯೆಲ್ಲ ಅದರಲ್ಲೇ ಇರುವುದರಿಂದ ಮುಂದೆ ಯಾವ ಕ್ಯಾಥೆಟರ್ ಹಾಕಿದರೂ ಹರಿವು ಅಲುಗಾಡುವುದಿಲ್ಲ. ಖರ್ಚು ಪಂಪಿನ ನೂರರಲ್ಲಿ ಒಂದು ಪಾಲೂ ಇಲ್ಲ. ಧೂಳು ಕಟ್ಟುತ್ತದೆ, ಫಿಲ್ಟರ್ ಬೇಕೇ ಬೇಕು. ಹೊರಬಾಯಿ ನೀರಲ್ಲಿ ಮುಳುಗಿರಲಿ, ತೊಟ್ಟಿಕ್ಕಿದರೆ ಹನಿ ಹನಿಗೂ ಒತ್ತಡ ಕುಣಿಯುತ್ತದೆ. ತಕ್ಕಡಿ ಮೇಲಿನ ನೀರಿಗೆ ಎಣ್ಣೆಯ ಪದರ ಹಾಕಿ, ಇಲ್ಲದಿದ್ದರೆ ಆವಿಯಾದದ್ದೂ ಲೆಕ್ಕಕ್ಕೆ ಬರುತ್ತದೆ. 20 ಡಿಗ್ರಿಯಿಂದ 37ಕ್ಕೆ ಹೋದರೆ ನೀರಿನ ಸ್ನಿಗ್ಧತೆ (ಹರಿಯುವಾಗಿನ ಒಳತಡೆ) ಸುಮಾರು 30% ಇಳಿಯುತ್ತದೆ, ಹಾಗಾಗಿ ಎಲ್ಲವನ್ನೂ ಬೆಚ್ಚಗಿನ ಪೆಟ್ಟಿಗೆಯಲ್ಲಿ ಕೂರಿಸಿದೆ. ನೀರನ್ನು ಕುದಿಸಿ ಗಾಳಿ ತೆಗೆಯುವುದು ನಿಮಗೆ ಗೊತ್ತೇ ಇದೆ. ಗುಳ್ಳೆ ಅಂಟದಂತೆ ಸಿಲಿಕೋನಿನ ಒಳಗೋಡೆಯನ್ನು ಒದ್ದೆ ಮಾಡುವ ಕ್ರಮ ಮಾತ್ರ ಸದ್ಯಕ್ಕೆ ನನ್ನ ಹತ್ತಿರವೇ ಇರಲಿ. ಸೋಪು ಅಲ್ಲ, ಅಷ್ಟು ಹೇಳಬಲ್ಲೆ.

ಸುಮ್ನೆ ಕುತೂಹಲಕ್ಕೆ ನೀರಿಗೆ ಆಲ್ಬುಮಿನ್ ಎಂಬ ಪ್ರೋಟೀನ್ ಬೆರೆಸಿ ನೋಡಿದೆ. ಹರಿವಿನಲ್ಲಿ ವ್ಯತ್ಯಾಸ ಕಾಣಲಿಲ್ಲ, ನೊರೆ ಮಾತ್ರ ಜಾಸ್ತಿ.

ದ್ರವ ಒಳಗೆ ಬರಲು ಕ್ಯಾಥೆಟರಿನ ತುದಿಯ ಬಳಿ ಸಾಲು ಸಾಲಾಗಿ ರಂಧ್ರಗಳಿರುತ್ತವೆ. ಅವುಗಳ ಹತ್ತಿರ ಬಣ್ಣ ಬಿಟ್ಟಾಗ ಅರ್ಧಕ್ಕಿಂತ ಹೆಚ್ಚು ನೀರು ತುದಿಯಿಂದ ದೂರದ ಸಾಲಿನಲ್ಲೇ ಒಳಗೆ ಹೋಯಿತು. ಬಣ್ಣದ ಸಾಂದ್ರತೆಯೂ ಬಿಸಿಯೂ ನೀರಿನಷ್ಟೇ ಇರಬೇಕು, ಇಲ್ಲದಿದ್ದರೆ ತಾನೇ ಕೆಳಗಿಳಿದು ಮೋಸ ಮಾಡುತ್ತದೆ. ಆ ಸಾಲನ್ನು ಸಿಲಿಕೋನ್ ಅಂಟಿನಿಂದ ಮುಚ್ಚಿದೆ. ಹರಿವು ಪಕ್ಕದ ಸಾಲಿಗೆ ಸರಿಯಿತು, ಒಟ್ಟು ಒತ್ತಡ ಏರಲೇ ಇಲ್ಲ ಎನ್ನಬಹುದು. ಅಂದರೆ ಬರೀ ಒತ್ತಡ ನೋಡಿಕೊಂಡು ಕೂತರೆ ರಂಧ್ರಗಳು ಒಂದೊಂದಾಗಿ ಕಟ್ಟುತ್ತಿರುವುದು ತಿಳಿಯುವುದೇ ಇಲ್ಲ.

ಈಗ ತುದಿಯಿಂದ ದೂರದ ರಂಧ್ರ ಚಿಕ್ಕದು, ತುದಿಯದ್ದು ದೊಡ್ಡದು ಮಾಡಿ ಕೊರೆದ ಕೊಳವೆ ಪರೀಕ್ಷೆಯಲ್ಲಿದೆ. ಬಣ್ಣ ಎಲ್ಲ ಸಾಲಿಗೂ ಹಂಚಿಹೋಗುತ್ತಿದೆ. ಆದರೆ ಮೆತ್ತನೆಯ ಸಿಲಿಕೋನಿನಲ್ಲಿ ಅರ್ಧ ಮಿ.ಮೀ.ಗಿಂತ ಚಿಕ್ಕ ರಂಧ್ರ ನೀಟಾಗಿ ಕೊರೆಯುವಷ್ಟರಲ್ಲಿ ಹತ್ತಕ್ಕೆ ಏಳೆಂಟು ಕೊಳವೆ ಕಸಕ್ಕೆ ಹೋಗುತ್ತವೆ.